ವರ್ಲಿಯ ಕಲ್ಲುಕಪ್ಪೆ

ಬಾಂದ್ರಾದ ಬ್ಯಾಂಡ್‌ಸ್ಟ್ಯಾಂಡಿಗೆ ಹೋದರೆ ಕಣ್ಣು ಸಿನಿಮಾ ನಟರ ಬಂಗಲೆ ಕಡೆಗೇ ಹೋಗುತ್ತದೆ. ನನ್ನದೂ ಅಷ್ಟೇ ಬಿಡಿ. ಮುಂದಿನ ಸಲ ಕಾಲಡಿಯ ಕಪ್ಪು ಬಂಡೆಗಳನ್ನೂ ಒಮ್ಮೆ ನೋಡಿ. 6 ಕೋಟಿ ವರ್ಷಗಳಿಗೂ ಹಿಂದೆ ಜ್ವಾಲಾಮುಖಿಗಳು ಉಗುಳಿದ ಕಲ್ಲು ಅದು. ಹಾಗೇ ಕತ್ತೆತ್ತಿದರೆ ಸೀ ಲಿಂಕ್‌ನ ಆಚೆ ತುದಿಯಲ್ಲಿ ವರ್ಲಿ. ಅಲ್ಲಿನ ಗುಡ್ಡದಲ್ಲಿ ಲಾವಾ ಪದರಗಳ ನಡುವೆ ಹಳೆಯ ಕೆರೆಯೊಂದರ ಕೆಸರು ಕಲ್ಲಾಗಿ ಉಳಿದಿತ್ತು. ಅದರೊಳಗೆ ಸಿಕ್ಕಿದ್ದು ಪುಟ್ಟ ಪುಟ್ಟ ಕಪ್ಪೆಗಳ ಎಲುಬು! 1847ರಲ್ಲಿ ಇಂಗ್ಲೆಂಡಿನ ರಿಚರ್ಡ್ ಓವೆನ್ ಅದಕ್ಕೆ 'ರಾನಾ ಪುಸಿಲಾ' ಎಂದು ಹೆಸರಿಟ್ಟರು. 1930ರಲ್ಲಿ ಅಮೆರಿಕದ ನೋಬಲ್ ಮತ್ತೆ ಪರೀಕ್ಷಿಸಿ, ಇದು ರಾನಾ ಕುಲದ್ದಲ್ಲ ಎಂದು 'ಇಂಡೋಬಟ್ರಾಕಸ್' ಎಂಬ ಹೊಸ ಕುಲಕ್ಕೆ ಸೇರಿಸಿದರು.

ಹೆಚ್ಚುಕಡಿಮೆ ಆ ಲಾವಾದ ಕಾಲದಲ್ಲೇ ನಮ್ಮ ನೆಲದಿಂದ ಒಂದು ತುಂಡು ಸೀಳಿ ದೂರ ಹೋಯಿತು. ಇಂದಿನ ಸೀಶೆಲ್ಸ್ ದ್ವೀಪಗಳು ಅದರ ಉಳಿಕೆ. 2003ರಲ್ಲಿ ಬಿಜು ಮತ್ತು ಬೋಸುಯಿಟ್ ಕೇರಳದ ಇಡುಕ್ಕಿಯ ನೇರಳೆ ಕಪ್ಪೆಯನ್ನು ವಿಜ್ಞಾನಕ್ಕೆ ಪರಿಚಯಿಸಿದರು. ಅದರ ಹತ್ತಿರದ ನೆಂಟರು ಪಕ್ಕದ ಗದ್ದೆಯಲ್ಲಿಲ್ಲ, ಸುಮಾರು 3,000 ಕಿ.ಮೀ. ಆಚೆಯ ಸೀಶೆಲ್ಸ್‌ನಲ್ಲಿದ್ದಾರೆ. ಎರಡರ ವಂಶ ಕವಲೊಡೆದದ್ದು ನೆಲ ಸೀಳುವುದಕ್ಕೂ ಮೊದಲೇ. ಆಮೇಲೆ ನಡುವೆ ಸಮುದ್ರವೇ ಬಂತು.

ಹೊಸ ಪ್ರಭೇದ ಹುಟ್ಟಲು ಸಮುದ್ರವೇ ಬೇಕೆಂದಿಲ್ಲ. ನೇರಳೆ ಕಪ್ಪೆ ವರ್ಷವಿಡೀ ಮಣ್ಣೊಳಗೇ ಇದ್ದು, ಮಳೆ ಬಂದಾಗ ಕೆಲವೇ ದಿನ ಮದುವೆಗೆಂದು ಮೇಲೆ ಬರುತ್ತದೆ. ಸಹ್ಯಾದ್ರಿಯ ಪಡುವಣ ಮಗ್ಗುಲಿನದಕ್ಕೆ ಮುಂಗಾರಿನ ಮುಹೂರ್ತ. ಮೂಡಣ ಇಳಿಜಾರಿನದು, ತಮಿಳುನಾಡಿನ ಕಡೆಯದು, ಹಿಂಗಾರಿಗೆ ಹೊರಬೀಳುತ್ತದೆ. ಲಗ್ನದ ತಿಂಗಳೇ ಬೇರೆಯಾದರೆ ಸಂಬಂಧ ಕೂಡುವುದು ಹೇಗೆ? ಕೂಡದೆ ಉಳಿದಷ್ಟೂ ಕಾಲ ಎರಡೂ ಕಡೆ ಸಣ್ಣಪುಟ್ಟ ಬದಲಾವಣೆಗಳು ಪ್ರತ್ಯೇಕವಾಗಿ ಕೂಡಿಕೊಳ್ಳುತ್ತಾ ಹೋಗುತ್ತವೆ. 2017ರಲ್ಲಿ ಮೂಡಣದ್ದನ್ನು ಬೇರೆಯೇ ಪ್ರಭೇದವೆಂದು ಹೆಸರಿಸಲಾಯಿತು.

ನಮ್ಮವರ ಸುದ್ದಿಯೂ ಇದೆ. 2014ರಲ್ಲಿ ಗುರುರಾಜ ಮತ್ತು ಸಂಗಡಿಗರು ಉತ್ತರ ಕನ್ನಡದ ಕತ್ತಲೆಕಾನಿನ ಇರುಳುಗಪ್ಪೆಯೊಂದಕ್ಕೆ 'ಕುಂಬಾರ' ಎಂದೇ ಹೆಸರಿಟ್ಟರು. ಗಂಡು ಕಪ್ಪೆ ಕೈಯಲ್ಲಿ ಕೆಸರು ಎತ್ತಿ ಮೊಟ್ಟೆಗಳಿಗೆ ಮೆತ್ತುತ್ತದೆ. ಈ ಗುಂಪಿನ ಎಷ್ಟೋ ಕಪ್ಪೆಗಳಿಗೆ ಸಹ್ಯಾದ್ರಿಯ ಒಂದೆರಡು ಕಣಿವೆಗಳೇ ಇಡೀ ಪ್ರಪಂಚ. ಅಲ್ಲಿನ ಹಳ್ಳ ತಿರುಗಿಸಿ ತೋಟ ಮಾಡಿದರೆ ಅವಕ್ಕೆ ವಲಸೆ ಹೋಗಲು ಇನ್ನೊಂದು ಊರಿಲ್ಲ, ನಮಗೆ ಮುಂಬಯಿ ಇದ್ದ ಹಾಗೆ.