ಹೊಸ ನಳ್ಳಿ, ಹಳೇ ಪೈಪು

ಕಳೆದ ಬೇಸಿಗೆಯಲ್ಲಿ ಅಂಬಲಪಾಡಿಯ ಒಂದು ಮನೆಗೆ ನಮ್ಮ ಕೇರಿಯ ಇಬ್ಬರು ಹುಡುಗರು ನಳ್ಳಿ ಕೆಲಸಕ್ಕೆ ಹೋಗಿದ್ದರು. ಘಟ್ಟದ ಮೇಲಿನವರು ನಲ್ಲಿ ಅಂತಾರೆ, ನಮ್ಮ ಕರಾವಳಿಯಲ್ಲಿ ಅದು ನಳ್ಳಿ. ಮನೆಯವರು ತಂದಿಟ್ಟದ್ದು ಮಿಕ್ಸರ್. ಬಿಸಿನೀರು, ತಣ್ಣೀರು ಎರಡನ್ನೂ ಬೆರೆಸಿ ಒಂದೇ ಬಾಯಲ್ಲಿ ಕೊಡುವಂಥದ್ದು. ನಳ್ಳಿ ಹೊಸತು, ಗೋಡೆಯೊಳಗಿನ ಕಬ್ಬಿಣದ ಪೈಪು ಹಳೇದು, ತುಕ್ಕು ಹಿಡಿದದ್ದು. ಸಂಜೆ ವಾಪಸು ಬಂದ ಹುಡುಗರು ಒಂದು ಮಾತು ಹೇಳಿದರು. ಆ ಮಾತನ್ನು ಕೊನೆಗೆ ಹೇಳುತ್ತೇವೆ. ಅದು ಅರ್ಥವಾಗಬೇಕಾದರೆ ಮೊದಲು ಈ ನಳ್ಳಿಯ ಚರಿತ್ರೆ ತಿಳಿಯಬೇಕು.

ನಮ್ಮ ಕಡೆ ಉಳ್ಳವರ ಮನೆಯಂಗಳದಲ್ಲಿ ಬಾವಿ, ಬಚ್ಚಲಲ್ಲಿ ತಾಮ್ರದ ಹಂಡೆ. ಹಂಡೆಯ ಒಲೆಗೆ ಒಣ ಮಡಲು, ತೆಂಗಿನ ಸಿಪ್ಪೆ. ಚೆಂಬಿನಿಂದ ಬಿಸಿನೀರಿಗೆ ತಣ್ಣೀರು ಬೆರೆಸಿ ಮೀಯುವುದು ರೂಢಿ. ಆದರೆ ಮಡಲು ಹೊತ್ತು ತಂದು ಹಾಕಿದವರು ಬಾವಿಕಟ್ಟೆ ಮುಟ್ಟುವ ಹಾಗಿರಲಿಲ್ಲ. ಇದೇ ಜಿಲ್ಲೆಯ ಕೊರಗರ ಬಗ್ಗೆ ಎಡ್ಗರ್ ಥರ್ಸ್ಟನ್ 1909ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಒಂದು ದಾಖಲೆ ಇದೆ. ಅವರಲ್ಲಿ ಒಂದು ಪಂಗಡಕ್ಕೆ ಅಂಡೆ ಕೊರಗರು ಎಂದು ಹೆಸರು. ಅವರ ಉಗುಳು ದಾರಿಗೆ ಬಿದ್ದರೆ ಮೈಲಿಗೆ ಎಂದು ಕೊರಳಿಗೆ ಅಂಡೆ ಕಟ್ಟಿಕೊಂಡು ನಡೆಯಬೇಕಾಗಿತ್ತಂತೆ. ಒಬ್ಬರಿಗೆ ಮೀಯಲು ಹಂಡೆ, ಇನ್ನೊಬ್ಬರಿಗೆ ಉಗುಳಲು ಅಂಡೆ. ಇದು ನಮ್ಮ ತುಳುನಾಡಿನ ನೀರಿನ ಚರಿತ್ರೆಯ ಮೊದಲ ಪುಟ.

ಆಮೇಲೆ ನಳ್ಳಿ ಬಂತು. ತಿರುಗಿಸಿ ಮುಚ್ಚುವ ತಿರುಪಿನ ನಳ್ಳಿ ಇಂಗ್ಲೆಂಡಿನಲ್ಲಿ 1845ರ ಹೊತ್ತಿಗೆ ಬಳಕೆಗೆ ಬಂದದ್ದು. ಅದರ ಒಳಗುಟ್ಟು ಸಣ್ಣದು. ತಿರುಪನ್ನು ಬಿಗಿ ಮಾಡಿದರೆ ತುದಿಯ ಒಂದು ಬಿಲ್ಲೆ ಕೆಳಗಿಳಿದು ನೀರಿನ ಕಂಡಿಯನ್ನು ಒತ್ತಿ ಮುಚ್ಚುತ್ತದೆ. ಈ ಬಿಲ್ಲೆಗೇ ವಾಷರ್ ಅನ್ನುವುದು. ಆ ಕಾಲದ ತಣ್ಣೀರಿನ ನಳ್ಳಿಗೆ ಹಾಕುತ್ತಿದ್ದದ್ದು ತೊಗಲಿನ ವಾಷರ್! ಬಿಸಿನೀರಿಗೆ ತೊಗಲು ತಡೆಯದು, ಅದಕ್ಕೆ ರಬ್ಬರು, ಫೈಬರು. ಕಲ್ಕತ್ತೆಗೆ 1870ರ ಸುಮಾರಿಗೆ ಪೈಪಿನ ನೀರು ಬಂದಾಗ ಮಡಿವಂತರು ತಲೆ ಕೆಡಿಸಿಕೊಂಡರು. ಈ ನೀರು ಯಾರ್ಯಾರ ಕೈ ದಾಟಿ ಬಂತು, ಕುಡಿಯಬಹುದೇ? ಕೊನೆಗೆ ಶಾಸ್ತ್ರ ಸೋತು ಅನುಕೂಲ ಗೆದ್ದಿತು. ಮಡಿನೀರೂ ತೊಗಲು ಮುಟ್ಟಿಕೊಂಡೇ ಹರಿಯತೊಡಗಿತು. ತೊಗಲು ಒಳಗೆ ಹೋಯಿತು, ತೊಗಲು ಹದ ಮಾಡಿದವನು ಮಾತ್ರ ಹೊರಗೇ ನಿಂತ.

ಹೊರಗೆ ನಿಂತವರಲ್ಲಿ ಒಬ್ಬ ಹುಡುಗ ಸಾತಾರೆಯ ಶಾಲೆಯಲ್ಲಿ ಕಲಿಯುತ್ತಿದ್ದ. ಶಾಲೆಯಲ್ಲಿ ನಳ್ಳಿ ಇತ್ತು, ನೀರೂ ಇತ್ತು. ಬೇರೆ ಮಕ್ಕಳು ತಾವೇ ತಿರುಗಿಸಿ ಕುಡಿಯುತ್ತಿದ್ದರು. ಈ ಹುಡುಗ ಮಾತ್ರ ಮುಟ್ಟುವ ಹಾಗಿಲ್ಲ. ಜವಾನ ಬಂದು ತಿರುಗಿಸಬೇಕು, ಅವನು ಬಾರದ ದಿನ ಬಾಯಾರಿಕೊಂಡೇ ಇರಬೇಕು. ಆ ಹುಡುಗ ಭೀಮರಾವ್ ಅಂಬೇಡ್ಕರ್. ಮುಂದೆ ಅವರೇ ಇದನ್ನು ಬರೆದಿಟ್ಟಿದ್ದಾರೆ. 1927ರ ಮಾರ್ಚ್ 20ರಂದು ಮಹಾಡದ ಚವದಾರ್ ಕೆರೆಗೆ ಸಾವಿರಾರು ಜನರನ್ನು ಕರಕೊಂಡು ಹೋಗಿ ಬೊಗಸೆ ನೀರು ಎತ್ತಿದ ಕೈಗೆ ಆ ಬಾಲ್ಯದ ನಳ್ಳಿ ಮರೆತಿರಲಾರದು. ಮೇಲುಜಾತಿಯವರು ಕೋರ್ಟಿಗೆ ಹೋದರು. ಹತ್ತು ವರ್ಷ ಎಳೆದಾಡಿ, 1937ರ ಮಾರ್ಚಿನಲ್ಲಿ ಬೊಂಬಾಯಿ ಹೈಕೋರ್ಟು ದಲಿತರ ಪರವಾಗಿ ತೀರ್ಪು ಕೊಟ್ಟಿತು.

ಅದೇ 1937ರಲ್ಲಿ ಅಮೆರಿಕದಲ್ಲಿ ಆಲ್ಫ್ರೆಡ್ ಮೋಯನ್ ಎಂಬ ವಿದ್ಯಾರ್ಥಿ ಕೈತೊಳೆಯಲು ಹೋಗಿ ಬಿಸಿನೀರಿನಲ್ಲಿ ಕೈ ಸುಟ್ಟುಕೊಂಡ. ಎರಡು ನೀರೂ ಬೆರೆತು ಬರುವ ಒಂದೇ ಹಿಡಿಯ ನಳ್ಳಿ ಯಾಕಿರಬಾರದು ಅಂತ ಯೋಚಿಸಿದ. ಅವನ ನಳ್ಳಿ 1947ರಲ್ಲಿ ಮಾರಾಟಕ್ಕೆ ಬಂತು. ನೋಡಿ, ಅಲ್ಲಿ ಕೈ ಸುಟ್ಟದ್ದಕ್ಕೆ ಹತ್ತು ವರ್ಷದಲ್ಲಿ ಮದ್ದು ಸಿಕ್ಕಿತು. ಇಲ್ಲಿ ಅದೇ ವರ್ಷ ಸಿಕ್ಕಿದ್ದು ತಣ್ಣೀರು ಮುಟ್ಟಬಹುದು ಅನ್ನುವ ಒಂದು ತೀರ್ಪು!

ದಕ್ಷಿಣ ಕನ್ನಡ ಆಗ ಮದ್ರಾಸಿಗೆ ಸೇರಿತ್ತು. ಸಾರ್ವಜನಿಕ ಬಾವಿ, ಕೆರೆಗಳಿಂದ ಯಾರನ್ನೂ ತಡೆಯಬಾರದೆಂದು ಮದ್ರಾಸು 1938ರಲ್ಲಿ ಕಾನೂನು ಮಾಡಿತು. 1950ರ ಸಂವಿಧಾನದ 15 ಮತ್ತು 17ನೇ ವಿಧಿಗಳು ಬಂದವು. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆಯಲ್ಲಿ ನದಿ, ಬಾವಿ, ಕೆರೆಗಳ ಜತೆಗೆ ನೀರಿನ ನಳ್ಳಿಯ ಹೆಸರೂ ಸೇರಿತು. ಸಾತಾರೆಯ ಹುಡುಗನ ನಳ್ಳಿಗೆ ಕೊನೆಗೂ ಕಾಯಿದೆಯಲ್ಲಿ ಜಾಗ ಸಿಕ್ಕಿತು. ಇಷ್ಟಾದ ಮೇಲೆ ಇನ್ನೇನು ಬಾಕಿ ಅಂತ ಕೇಳುವವರಿದ್ದಾರೆ. ಅವರು ನಮ್ಮ ಹುಡುಗರ ಕೆಲಸವನ್ನು ಒಮ್ಮೆ ನೋಡಬೇಕು.

ಹಳೇ ಮನೆಗೆ ಮಿಕ್ಸರ್ ಕೂರಿಸುವುದು ಅಂದರೆ ಬರೇ ನಳ್ಳಿ ಬದಲಿಸುವುದಲ್ಲ. ಹಳೇ ಪೈಪು ಒಂದೇ ಸಾಲು, ಮಿಕ್ಸರಿಗೆ ಎರಡು ಸಾಲು ಬೇಕು: ಎಡಕ್ಕೆ ಬಿಸಿ, ಬಲಕ್ಕೆ ತಣ್ಣೀರು, ನಡುವೆ ಆರು ಇಂಚು. ಗೋಡೆ ಒಡೆಯಲೇಬೇಕು. ಬಿಸಿನೀರಿಗೆ ಸಾದಾ ಪಿವಿಸಿ ಆಗದು, ಸಿಪಿವಿಸಿ ಎಳೆಯಬೇಕು. ಜೋಡಿಸುವ ಮೊದಲು ಹಳೇ ಪೈಪಿನ ತುಕ್ಕನ್ನು ನೀರು ಬಿಟ್ಟು ತೊಳೆಯಬೇಕು, ಇಲ್ಲದಿದ್ದರೆ ಹೊಸ ನಳ್ಳಿಯ ಗಂಟಲು ಒಂದೇ ವಾರದಲ್ಲಿ ಕಟ್ಟುತ್ತದೆ. ಎಲ್ಲಕ್ಕಿಂತ ಮುಖ್ಯ, ಎರಡೂ ನೀರಿಗೆ ಸಮ ಒತ್ತಡ ಇರಬೇಕು. ತಣ್ಣೀರು ಪಂಪಿನಿಂದ ನೇರ ನುಗ್ಗಿ, ಬಿಸಿನೀರು ಮಾಡಿನ ಟ್ಯಾಂಕಿಯಿಂದ ಮೆಲ್ಲಗೆ ಇಳಿದು ಬಂದರೆ ಎರಡೂ ಬೆರೆಯುವುದಿಲ್ಲ. ಜೋರಿನ ನೀರು ಬಡಪಾಯಿ ನೀರನ್ನು ಅದರ ಪೈಪಿನೊಳಗೇ ಹಿಂದಕ್ಕೆ ತಳ್ಳುತ್ತದೆ. ಅದಕ್ಕೇ ಎರಡನ್ನೂ ಒಂದೇ ಟ್ಯಾಂಕಿಯಿಂದ ತರಬೇಕು, ಹಿಂದಕ್ಕೆ ತಳ್ಳದ ಹಾಗೆ ವಾಲ್ವು ಹಾಕಬೇಕು. ನಮ್ಮ ಹುಡುಗರು ಯಾವ ಸಮಾಜಶಾಸ್ತ್ರವನ್ನೂ ಓದಿದವರಲ್ಲ. ಆದರೆ ಸಮ ಒತ್ತಡ ಇಲ್ಲದೆ ಬೆರಕೆ ಇಲ್ಲ ಅನ್ನುವುದು ಅವರ ಕೈಗೆ ಗೊತ್ತು.

ಸರಕಾರಗಳು ನಳ್ಳಿ ಕೊಡುತ್ತಲೇ ಬಂದಿವೆ. ಉಡುಪಿ ಪೇಟೆಗೆ ಸ್ವರ್ಣಾ ನದಿಯ ಬಜೆ ಅಣೆಕಟ್ಟಿನಿಂದ ನೀರು ಬರುತ್ತದೆ. 2019ರಲ್ಲಿ ಜಲಜೀವನ್ ಯೋಜನೆ ಶುರುವಾದಾಗ ದೇಶದ ಹಳ್ಳಿಗಳ ಸುಮಾರು 19 ಕೋಟಿ ಮನೆಗಳಲ್ಲಿ ನಳ್ಳಿ ಇದ್ದದ್ದು 3.23 ಕೋಟಿ ಮನೆಗೆ ಮಾತ್ರ. ಮನೆಮನೆಗೆ ನಳ್ಳಿ ಬೇಕು, ಬೇಡ ಅನ್ನುವವರು ನಾವಲ್ಲ. ಊರಬಾವಿಯ ಹಂಗು ಕಡಿದದ್ದೇ ನಳ್ಳಿ. ಆದರೆ ಅವರವರ ನಳ್ಳಿ ಅವರವರ ಮನೆಗೆ ಬಂದ ಮೇಲೆ ಒಂದೇ ಕಟ್ಟೆಯಲ್ಲಿ ನಿಂತು ನೀರು ಸೇದುವ ಪ್ರಶ್ನೆಯೇ ಮುಗಿದುಹೋಯಿತು. ಪ್ರಶ್ನೆ ಮುಗಿದದ್ದನ್ನೇ ಉತ್ತರ ಸಿಕ್ಕಿದ್ದು ಅಂತ ನಂಬಿಸಲಾಗುತ್ತಿದೆ.

ಈಗ ಆ ಮಾತು. ಅಂಬಲಪಾಡಿಯಲ್ಲಿ ನಳ್ಳಿ ಕೂತು ಹದವಾದ ನೀರು ಬಂದಾಗ ಮನೆಯವರಿಗೆಲ್ಲ ಖುಷಿಯೋ ಖುಷಿ. ಹುಡುಗರು ಕುಡಿಯಲು ನೀರು ಕೇಳಿದರು. ಗೋಡೆ ಗಾರೆಗೆ ಬಂದಿದ್ದ ಬೇರೆ ಜಾತಿಯ ಮೇಸ್ತ್ರಿಗೆ ಸ್ಟೀಲ್ ಲೋಟ ಬಂತು. ಇವರಿಗೆ ಮೆಟ್ಟಿಲ ಮೇಲೆ ಕಾಗದದ ಲೋಟ, ಕುಡಿದು ಅಲ್ಲೇ ಬಿಸಾಡಿ ಅನ್ನುವ ಮಾತು. ರಾತ್ರಿ ಹುಡುಗ ಹೇಳಿದ್ದು ಇಷ್ಟೇ: "ಅಣ್ಣ, ನೀರು ಬೆರೆಯಿತು. ಲೋಟ ಬೆರೆಯಲಿಲ್ಲ."

ಶಾಲೆಯ ಮೇಷ್ಟ್ರುಗಳೇ, ನಾಳೆ ಮಧ್ಯಾಹ್ನ ಊಟದ ಹೊತ್ತಿಗೆ ನಿಮ್ಮ ಶಾಲೆಯ ನಳ್ಳಿ ಹತ್ತಿರ ಸ್ವಲ್ಪ ನಿಂತು ನೋಡಿ. ಯಾವ ಮಗು ಮೊದಲು ತಿರುಗಿಸುತ್ತದೆ, ಯಾವುದು ಕೊನೆಗೆ ಬರುತ್ತದೆ, ಯಾವುದು ಬಾಯಾರಿಕೊಂಡೇ ಒಳಗೆ ಹೋಗುತ್ತದೆ ಅಂತ ಬರೆದಿಡಿ. ನಳ್ಳಿ ಹೊಸತೇ. ಗೋಡೆ ಒಡೆದು ಪೈಪು ಬದಲಿಸುವ ಕೆಲಸ ಬಾಕಿ ಇದೆ.