ಅರವತ್ತೊಂದರ ಲೆಕ್ಕ

ನಾಗಪುರಕ್ಕೆ ನನಗೆ ವರ್ಗವಾದದ್ದು 1992ರಲ್ಲಿ. ಮೂರು ವರ್ಷ ಕಣ್ಣು ಮುಚ್ಚಿ ಕಳೆದರೆ ಮತ್ತೆ ಮೈಸೂರು ಕಡೆ ಬರಬಹುದು ಅಂತ ಮನೆಯವರಿಗೆಲ್ಲ ಹೇಳಿ ರೈಲು ಹತ್ತಿದವನು ನಾನು. ಆ ಮೂರು ವರ್ಷ ಇನ್ನೂ ಮುಗಿದಿಲ್ಲ.

ಸೀತಾಬರ್ಡಿಯ ನಮ್ಮ ಶಾಖೆಯಲ್ಲಿ ಆಗಿನ್ನೂ ದಪ್ಪ ಲೆಡ್ಜರುಗಳ ಕಾಲ. ತಿಂಗಳ ಕೊನೆಗೆ ಬ್ಯಾಲೆನ್ಸಿಂಗ್ ಅಂದರೆ ರಾತ್ರಿ ಒಂಬತ್ತಾದರೂ ಮನೆಯಿಲ್ಲ. ಒಂದು ಸಂಜೆ ಅರವತ್ತೊಂದು ರೂಪಾಯಿ ವ್ಯತ್ಯಾಸ ಬಂತು. ಎಷ್ಟು ಸಲ ಕೂಡಿದರೂ ಅಷ್ಟೇ. ನಮ್ಮ ಹೆಡ್ ಕ್ಯಾಷಿಯರ್ ಅಮರಾವತಿ ಕಡೆಯವರು, ಬಿಎಸ್ಸಿಯಲ್ಲಿ ಗಣಿತ ಓದಿದವರು. ಶಾಖೆಯಲ್ಲಿ ಎಲ್ಲರಿಗೂ ಅವರು ‘ಭಾವು’. ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಅಂದರು: “ಸಾಹೇಬ್, ಅರವತ್ತೊಂದು ಅಂದರೆ ಕೆಟ್ಟ ಸಂಖ್ಯೆ. ಇದಕ್ಕೆ ನಮ್ಮ ಭಾಸ್ಕರಾಚಾರ್ಯರೇ ಬರಬೇಕು.”

“ನಮ್ಮ” ಅಂದದ್ದು ನನಗೆ ಚುಚ್ಚಿತು. “ಭಾವು, ಭಾಸ್ಕರಾಚಾರ್ಯರು ಬಿಜಾಪುರದವರು, ನಮ್ಮವರು” ಅಂದೆ. ಅವತ್ತು ಶುರುವಾದ ಜಗಳ, ಪ್ರೀತಿಯ ಜಗಳವೇ, ನಾವಿಬ್ಬರೂ ನಿವೃತ್ತರಾಗುವವರೆಗೂ ನಡೆಯಿತು. ಅರವತ್ತೊಂದು ರೂಪಾಯಿ ಮಾತ್ರ ಮಾರನೇ ದಿನ ಸಿಕ್ಕಿತು. ಒಂದು ವೋಚರು ಎರಡು ಸಲ ಬರೆದಿದ್ದರು.

ಜಗಳಕ್ಕೆ ಎರಡೂ ಕಡೆ ಆಧಾರವಿದೆ. ಭಾಸ್ಕರ ಹುಟ್ಟಿದ್ದು ಶಕ 1036, ಅಂದರೆ ಕ್ರಿ.ಶ. 1114ರಲ್ಲಿ. ಮೂವತ್ತಾರನೇ ವಯಸ್ಸಿನಲ್ಲಿ ‘ಸಿದ್ಧಾಂತಶಿರೋಮಣಿ’ ಬರೆದ. ತನ್ನ ಊರು ಸಹ್ಯಾದ್ರಿಯ ಕಡೆಯ ವಿಜ್ಜಡವಿಡ ಅಂತ ತಾನೇ ಹೇಳಿಕೊಂಡಿದ್ದಾನೆ. ಅದು ನಮ್ಮ ಬಿಜಾಪುರ, 2014ರಿಂದ ವಿಜಯಪುರ, ಅಂತ ನಾವು ಶಾಲೆಯಲ್ಲಿ ಓದಿದ್ದು. ಭಾವು ಪಕ್ಷದ ಸಾಕ್ಷಿ ಚಾಳೀಸ್‌ಗಾಂವ್ ಹತ್ತಿರದ ಪಾಟಣಾದೇವಿಯ ಶಾಸನ, 1207ನೇ ಇಸವಿಯದು. ಭಾಸ್ಕರನ ಮಗ ಲಕ್ಷ್ಮೀಧರನನ್ನು ದೇವಗಿರಿಯ ಜೈತ್ರಪಾಲ ಆಸ್ಥಾನಕ್ಕೆ ಕರೆಸಿಕೊಂಡದ್ದು, ಮೊಮ್ಮಗ ಚಾಂಗದೇವ ಅಜ್ಜನ ಗ್ರಂಥಗಳ ಪಾಠಕ್ಕೆಂದೇ ಮಠ ಕಟ್ಟಿಸಿದ್ದು ಅದರಲ್ಲಿದೆ. ವಿದ್ವಾಂಸರು ಇನ್ನೂ ಒಂದು ಮಾತಿಗೆ ಬಂದಿಲ್ಲ. ದೇವಗಿರಿಯ ಯಾದವರನ್ನು ನಾವು ಸೇವುಣರು ಅನ್ನುತ್ತೇವೆ, ಅವರ ಶಾಸನಗಳು ಕನ್ನಡದಲ್ಲೂ ಬೇಕಾದಷ್ಟಿವೆ. ನಾವಿಬ್ಬರು ಊಟದ ಡಬ್ಬಿ ಮುಂದಿಟ್ಟುಕೊಂಡು ಎಳೆದಾಡುತ್ತಿದ್ದ ಗಡಿ ಆ ಕಾಲದಲ್ಲಿ ಇರಲೇ ಇಲ್ಲ.

1993ರ ಜುಲೈ 13ರಂದು ಶಿಕಾಗೋದಲ್ಲಿ ಎ.ಕೆ. ರಾಮಾನುಜನ್ ತೀರಿಕೊಂಡರು. ‘ಹೊಕ್ಕುಳಲ್ಲಿ ಹೂವಿಲ್ಲ’ದ ಕವಿ. ಆ ದಿನಗಳಲ್ಲಿ ಮೈಸೂರಿಂದ ನಮ್ಮಣ್ಣ ಬರೆದ ಕಾಗದದಲ್ಲಿ ಒಂದು ಸಾಲಿತ್ತು: ಅವರ ತಂದೆ ಮಹಾರಾಜ ಕಾಲೇಜಿನಲ್ಲಿ ಗಣಿತದ ಪ್ರೊಫೆಸರಾಗಿದ್ದವರು, ನಿನ್ನ ಭಾಸ್ಕರಾಚಾರ್ಯನ ಮೇಲೇ ಕೆಲಸ ಮಾಡಿದವರು, ಗೊತ್ತೇನೋ? ನನಗೆ ಗೊತ್ತಿರಲಿಲ್ಲ. ಮಾನಸಗಂಗೋತ್ರಿಯಲ್ಲಿ ಎಂಕಾಂ ಮಾಡುವಾಗ ಮಹಾರಾಜ ಕಾಲೇಜಿನ ಮುಂದೆ ಎಷ್ಟು ಸಲ ಸೈಕಲ್ ತುಳಿದಿದ್ದೆನೋ ಲೆಕ್ಕವಿಲ್ಲ. ಆ ಹೆಸರು ಕಿವಿಗೆ ಬಿದ್ದದ್ದು ನಾಗಪುರಕ್ಕೆ ಬಂದ ಮೇಲೆ. ಅಂದಿನಿಂದ ಸಿಕ್ಕಿದಷ್ಟು ಓದುತ್ತ ಬಂದೆ.

ಹೆಸರು ಎ.ಎ. ಕೃಷ್ಣಸ್ವಾಮಿ ಅಯ್ಯಂಗಾರ್. ಹುಟ್ಟಿದ್ದು 1892ರಲ್ಲಿ. ಹದಿನೆಂಟಕ್ಕೇ ಗಣಿತದಲ್ಲಿ ಎಂಎ ಮುಗಿಸಿ, ತಾವು ಓದಿದ ಮದರಾಸಿನ ಪಚ್ಚೈಯಪ್ಪ ಕಾಲೇಜಿನಲ್ಲೇ ಪಾಠ ಹೇಳಿದವರು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಶುರುವಾಯಿತಲ್ಲ, ಎರಡು ವರ್ಷಕ್ಕೆ ಇವರು ಅಲ್ಲಿಗೆ ಬಂದರು. ಅದೇ 1918ರಲ್ಲಿ ತತ್ವಶಾಸ್ತ್ರಕ್ಕೆ ಬಂದವರು ಎಸ್. ರಾಧಾಕೃಷ್ಣನ್. ರಾಧಾಕೃಷ್ಣನ್ 1921ರಲ್ಲಿ ಕಲ್ಕತ್ತೆಗೆ ಹೋದರು, ಮುಂದಿನದು ಎಲ್ಲರಿಗೂ ಗೊತ್ತು. ಅಯ್ಯಂಗಾರ್ಯರು ಅಲ್ಲೇ ಉಳಿದರು. 1947ರಲ್ಲಿ ನಿವೃತ್ತಿ. ಇಪ್ಪತ್ತೊಂಬತ್ತು ವರ್ಷ ಒಂದೇ ವಿಶ್ವವಿದ್ಯಾನಿಲಯ.

ಅವರು ಮಾಡಿದ್ದು ಏನು ಅಂತ ತಿಳಿಯಬೇಕಾದರೆ ಭಾವು ಹೇಳಿದ ಆ ‘ಕೆಟ್ಟ ಸಂಖ್ಯೆ’ಗೆ ಬರಬೇಕು.

ಲೆಕ್ಕ ಹೀಗಿದೆ. ಒಂದು ಸಂಖ್ಯೆ ಕೊಡುತ್ತಾರೆ. ಯಾವುದೋ ಒಂದು ಪೂರ್ಣಾಂಕದ ವರ್ಗವನ್ನು ಅದರಿಂದ ಗುಣಿಸಿ ಒಂದು ಕೂಡಿಸಿದರೆ ಬರುವುದೂ ಪೂರ್ಣಾಂಕದ ವರ್ಗವೇ ಆಗಬೇಕು. ಸಂಸ್ಕೃತದಲ್ಲಿ ಇದಕ್ಕೆ ವರ್ಗಪ್ರಕೃತಿ ಅಂತ ಹೆಸರು. 60 ಕೊಟ್ಟರೆ ಸುಲಭ: 4ರ ವರ್ಗ 16, ಅರವತ್ತರಿಂದ ಗುಣಿಸಿ ಒಂದು ಸೇರಿಸಿದರೆ 961, ಅದು 31ರ ವರ್ಗ. 62 ಕೊಟ್ಟರೂ ಸುಲಭ: 8ರ ವರ್ಗ 64, ಗುಣಿಸಿ ಒಂದು ಸೇರಿಸಿದರೆ 3969, ಅದು 63ರ ವರ್ಗ. ನಡುವಿನ 61ಕ್ಕೆ? ಅತಿ ಚಿಕ್ಕ ಉತ್ತರವೇ 22,61,53,980. ಅದರ ವರ್ಗವನ್ನು 61ರಿಂದ ಗುಣಿಸಿ ಒಂದು ಸೇರಿಸಿದರೆ 1,76,63,19,049ರ ವರ್ಗ ಬರುತ್ತದೆ. ಫ್ರಾನ್ಸಿನ ಫರ್ಮಾ 1657ರಲ್ಲಿ ಯುರೋಪಿನ ಗಣಿತಜ್ಞರಿಗೆ ಸವಾಲಾಗಿ ಇಟ್ಟದ್ದು ಇದೇ 61ನ್ನು. ಅದಕ್ಕೆ ಐನೂರು ವರ್ಷ ಮೊದಲೇ ಭಾಸ್ಕರ ತನ್ನ ‘ಬೀಜಗಣಿತ’ದಲ್ಲಿ ಇದನ್ನು ಉದಾಹರಣೆಯಾಗಿ ಕೊಟ್ಟು ಬಿಡಿಸಿಬಿಟ್ಟಿದ್ದ.

ಅವನ ದಾರಿಯ ಹೆಸರು ಚಕ್ರವಾಳ. ನಮ್ಮ ಬ್ಯಾಂಕಿನವರಿಗೆ ಇದು ಬೇಗ ಅರ್ಥವಾಗುತ್ತೆ. ಮೊದಲು ಒಂದು ತಪ್ಪು ಉತ್ತರವನ್ನೇ ಹಿಡಿ, ವ್ಯತ್ಯಾಸ ಎಷ್ಟು ಅಂತ ಬರೆದಿಟ್ಟುಕೋ. 1ರ ವರ್ಗವನ್ನು 61ರಿಂದ ಗುಣಿಸಿದರೆ 61; ಹತ್ತಿರದ ವರ್ಗ 64; ವ್ಯತ್ಯಾಸ ಮೂರು ಹೆಚ್ಚು. ಆ ಮೂರನ್ನೇ ಸಾಧನ ಮಾಡಿಕೊಂಡು ಮುಂದಿನ ಹೆಜ್ಜೆ ಇಟ್ಟರೆ 5 ಸಿಗುತ್ತದೆ. ಅದರ ವರ್ಗ 25, 61ರಿಂದ ಗುಣಿಸಿದರೆ 1525. 39ರ ವರ್ಗ 1521. ವ್ಯತ್ಯಾಸ ನಾಲ್ಕು ಕಡಿಮೆ. ವ್ಯತ್ಯಾಸ ನಾಲ್ಕಕ್ಕೆ ಬಂತೆಂದರೆ ಅಲ್ಲಿಂದ ಉತ್ತರಕ್ಕೆ ಜಿಗಿಯುವ ಅಡ್ಡದಾರಿಯನ್ನು ಬ್ರಹ್ಮಗುಪ್ತ 628ರಲ್ಲೇ ಹೇಳಿಕೊಟ್ಟಿದ್ದ. ಅಡ್ಡದಾರಿ ಹಿಡಿಯದೆ ಸುಮ್ಮನೆ ಚಕ್ರ ತಿರುಗಿಸುತ್ತ ಹೋದರೂ ಕೊನೆಗೆ ವ್ಯತ್ಯಾಸ ಒಂದಕ್ಕೇ ಬಂದು ನಿಲ್ಲುತ್ತದೆ.

ನಿಲ್ಲುತ್ತದೆ, ಸರಿ. ಆದರೆ ಯಾವ ಸಂಖ್ಯೆ ಕೊಟ್ಟರೂ ನಿಂತೇ ನಿಲ್ಲುತ್ತದೆ ಅಂತ ಹೇಗೆ ಹೇಳುವುದು? ಭಾಸ್ಕರ ಅದಕ್ಕೆ ಸಾಧನೆ ಬರೆದಿಡಲಿಲ್ಲ. ಯುರೋಪಿನಲ್ಲಿ ಲಗ್ರಾಂಜ್ ತನ್ನದೇ ಸತತ ಭಿನ್ನರಾಶಿಯ ದಾರಿಯಲ್ಲಿ 1768ರಲ್ಲಿ ಇಂಥ ಲೆಕ್ಕಕ್ಕೆ ಯಾವಾಗಲೂ ಉತ್ತರ ಇದೆ ಅಂತ ಸಾಧಿಸಿದ. ಆಮೇಲೆ ಭಾಸ್ಕರನನ್ನು ಹೊಗಳುವವರೂ ಇವೆರಡು ದಾರಿ ಒಂದೇ ಇರಬೇಕು ಅಂತ ಬಗೆದು ಸುಮ್ಮನಾದರು.

ಅಯ್ಯಂಗಾರ್ಯರು ಸುಮ್ಮನಾಗಲಿಲ್ಲ. ಇಂಡಿಯನ್ ಮ್ಯಾಥಮೆಟಿಕಲ್ ಸೊಸೈಟಿಯ ಪತ್ರಿಕೆಯ 1929-30ರ ಹದಿನೆಂಟನೇ ಸಂಪುಟದಲ್ಲಿ ಭಾಸ್ಕರನ ಚಕ್ರವಾಳದ ಮೇಲೆ ಹೊಸ ಬೆಳಕು ಅಂತಲೇ ಹೆಸರಿಟ್ಟು ಲೇಖನ ಬರೆದರು. ಶ್ರೀನಿವಾಸ ರಾಮಾನುಜನ್ನರ ಮೊದಲ ಲೇಖನ 1911ರಲ್ಲಿ ಬಂದದ್ದೂ ಇದೇ ಪತ್ರಿಕೆಯಲ್ಲಿ. ಅಯ್ಯಂಗಾರ್ಯರು ತೋರಿಸಿದ್ದು ಎರಡು. ಒಂದು, ಚಕ್ರವಾಳ ಯಾವಾಗಲೂ ಮುಗಿಯುತ್ತದೆ, ಉತ್ತರ ಕೊಟ್ಟೇ ಮುಗಿಯುತ್ತದೆ. ಎರಡು, ಅದು ಲಗ್ರಾಂಜನ ದಾರಿಯಲ್ಲ. ಅದರ ಹಿಂದಿರುವುದು ಬೇರೆಯದೇ ಜಾತಿಯ ಸತತ ಭಿನ್ನರಾಶಿ. ಪ್ರತಿ ಹೆಜ್ಜೆಯಲ್ಲೂ ಹತ್ತಿರದ ವರ್ಗವನ್ನು ಆರಿಸಿಕೊಳ್ಳುವುದರಿಂದ ಹೆಜ್ಜೆಗಳೂ ಕಡಿಮೆ. 61ಕ್ಕೆ ಲಗ್ರಾಂಜನ ದಾರಿಯಲ್ಲಿ 22 ಹೆಜ್ಜೆ, ಅಡ್ಡದಾರಿ ಹಿಡಿಯದ ಚಕ್ರವಾಳದಲ್ಲಿ 14. ಈ ಭಿನ್ನರಾಶಿಯ ಪೂರ್ತಿ ಸಿದ್ಧಾಂತವನ್ನು ಅವರು ಹತ್ತು ವರ್ಷ ಬಿಟ್ಟು, 1940-41ರಲ್ಲಿ, ಮೈಸೂರು ವಿಶ್ವವಿದ್ಯಾನಿಲಯದ ಪತ್ರಿಕೆಯಲ್ಲಿ ಬರೆದರು. ಬೆಂಗಳೂರಿನ ಮಿಥಿಕ್ ಸೊಸೈಟಿಯ ತ್ರೈಮಾಸಿಕದಲ್ಲಿ ಆರ್ಯಭಟನ ಗಣಿತದ ಮೇಲೆ, ನಮ್ಮ ಅಂಕಿಗಳ ಹುಟ್ಟಿನ ಮೇಲೆ ಬರೆದದ್ದು ಬೇರೆ. ಸಂಸ್ಕೃತವೂ ಹೊಸ ಗಣಿತವೂ ಒಂದೇ ತಲೆಯಲ್ಲಿ ಇದ್ದವರಿಗೆ ಮಾತ್ರ ಆಗುವ ಕೆಲಸ ಅದು.

ರಾಮಾನುಜನ್ ಹುಟ್ಟಿದ್ದು 1929ರ ಮಾರ್ಚಿನಲ್ಲಿ, ಮೈಸೂರಿನಲ್ಲೇ. ಆ ಮನೆಯನ್ನು ಅವರು ಒಂದು ಪ್ರಬಂಧದಲ್ಲಿ ನೆನೆದಿದ್ದಾರೆ. ಮಹಡಿ ಮೇಲೆ ತಂದೆಯ ಜೊತೆ ಇಂಗ್ಲಿಷ್, ಕೆಳಗೆ ತಾಯಿಯ ಜೊತೆ ತಮಿಳು, ಬೀದಿಗೆ ಇಳಿದರೆ ಕನ್ನಡ. ತಂದೆ ಖಗೋಳವೂ ತಿಳಿದವರು, ಜಾತಕವೂ ನೋಡುವವರು. ಇದು ಹೇಗೆ ಸಾಧ್ಯ ಅಂತ ಮಗನಿಗೆ ಕೊನೆಯವರೆಗೂ ಸೋಜಿಗ. ಇದನ್ನು ಓದುವಾಗ ನನಗೆ ನಮ್ಮ ನಾಗಪುರದ ಮನೆಯೇ ಕಂಡಿತು. ಅಡುಗೆಮನೆಯಲ್ಲಿ ಕನ್ನಡ, ಮೆಟ್ಟಿಲಿಳಿದರೆ ಮರಾಠಿ, ಅಂಗಡಿಯಲ್ಲಿ ಹಿಂದಿ, ಮಕ್ಕಳ ಪುಸ್ತಕದಲ್ಲಿ ಇಂಗ್ಲಿಷ್. ಇದನ್ನು ನಾನು ನಷ್ಟ ಅಂತಲೇ ಬರೆದಿಟ್ಟುಕೊಂಡಿದ್ದೆ.

ಅಯ್ಯಂಗಾರ್ಯರು ತೀರಿಕೊಂಡದ್ದು 1953ರ ಜೂನಿನಲ್ಲಿ. ಮರುವರ್ಷವೇ ಕೃಪಾಶಂಕರ ಶುಕ್ಲ ಎಂಬ ವಿದ್ವಾಂಸರು, ಚಕ್ರವಾಳವನ್ನು ಭಾಸ್ಕರನಿಗಿಂತ ಮೊದಲೇ, 1073ಕ್ಕೂ ಹಿಂದೆ, ಜಯದೇವ ಎಂಬ ಆಚಾರ್ಯ ಹೇಳಿದ್ದನೆಂದು ಹಳೆಯ ವ್ಯಾಖ್ಯಾನವೊಂದರಿಂದ ಹೊರತೆಗೆದರು. ಅದನ್ನು ನೋಡಲು ಇವರಿರಲಿಲ್ಲ. 1975ರಲ್ಲಿ ಸೆಲೇನಿಯಸ್ ಎಂಬ ವಿದ್ವಾಂಸರು ಜಯದೇವ, ಭಾಸ್ಕರರ ಚಕ್ರವಾಳವನ್ನೇ ಮತ್ತೆ ಎತ್ತಿಕೊಂಡು ಬರೆದರು. 2010ರಲ್ಲಿ ‘ಮ್ಯಾಥಮೆಟಿಕ್ಸ್ ಆಫ್ ಕಂಪ್ಯುಟೇಷನ್’ ಪತ್ರಿಕೆಯಲ್ಲಿ ಆಸ್ಟ್ರೇಲಿಯಾದ ಕೀತ್ ಮ್ಯಾಥ್ಯೂಸ್ ಮತ್ತು ಇನ್ನಿಬ್ಬರು ಬರೆದ ಲೇಖನ ನಿಂತಿರುವುದು ಅಯ್ಯಂಗಾರ್ಯರ ಆ ಭಿನ್ನರಾಶಿಯ ಮೇಲೆಯೇ. ನಮ್ಮೂರಲ್ಲಿ ಮಾತ್ರ, ಹೆಸರು ಬಂದಾಗಲೆಲ್ಲ, ಅವರು ರಾಮಾನುಜನ್ನರ ತಂದೆ.

ಇಷ್ಟನ್ನೂ ನಾನು ಭಾವುಗೆ ಒಂದೇ ದಿನ ಹೇಳಿದವನಲ್ಲ. ಮೊದಲು ಹೇಳಿದಾಗ ಗೊತ್ತಿದ್ದದ್ದು ಅರ್ಧ. ಆದರೂ ಜೋರಾಗಿಯೇ ಹೇಳಿದೆ. “ಭಾಸ್ಕರ ನಿಮ್ಮವರೇ ಆಗಲಿ ಭಾವು, ಅವರ ಲೆಕ್ಕ ಸರಿ ಅಂತ ಸಾಧಿಸಿ ತೋರಿಸಿದವರು ನಮ್ಮ ಮೈಸೂರಿನವರು.”

ಭಾವು ತರ್ರಿ ಪೋಹಾದ ಪ್ಲೇಟು ಕೆಳಗಿಟ್ಟು ಕೇಳಿದರು: “ಅವರ ಮೂಲ ಊರು ಯಾವುದು ಸಾಹೇಬ್?”

ಚೆಂಗಲ್ಪಟ್ಟು ಜಿಲ್ಲೆಯ ಅತ್ತಿಪಟ್ಟು ಅಂತ ಹೇಳಲೇಬೇಕಾಯಿತು. ಸುಳ್ಳು ಹೇಳುವ ಹಾಗಿಲ್ಲವಲ್ಲ. ಭಾವು ಹೊಟ್ಟೆ ಹಿಡಿದುಕೊಂಡು ನಕ್ಕರು. “ಹಾಗಾದರೆ ಅವರೂ ನಿಮ್ಮವರಲ್ಲ!”

“ಇಪ್ಪತ್ತೊಂಬತ್ತು ವರ್ಷ ಮೈಸೂರಿನಲ್ಲಿ ಪಾಠ ಹೇಳಿದ್ದಾರೆ, ಮಗ ಕನ್ನಡದ ಕವಿ, ಇನ್ನೇನು ಬೇಕು?” ಅಂತ ರೇಗಿಬಿಟ್ಟೆ. ಭಾವು ನಗು ನಿಲ್ಲಿಸಿ, “ಹಾಗಿದ್ದರೆ ನೀವು ಯಾವ ಊರಿನವರು?” ಅಂದರು.

ಆ ಪ್ರಶ್ನೆಗೆ ಅವತ್ತು ಉತ್ತರ ಕೊಡಲಿಲ್ಲ. ನಾಗಪುರದ ವರ್ಷಗಳನ್ನು ನಾನು ಸಸ್ಪೆನ್ಸ್ ಖಾತೆಯಲ್ಲಿ ಹಾಕಿಕೊಂಡು ಬಂದಿದ್ದೆ, ಎಂದೋ ಒಂದು ದಿನ ಮೈಸೂರಿನ ಸರಿಯಾದ ಖಾತೆಗೆ ವರ್ಗಾಯಿಸುವುದು ಅಂತ. ಯಾರೋ ಒಬ್ಬರು ಚೆಂಗಲ್ಪಟ್ಟಿನಿಂದ ಬಂದು ಮೈಸೂರಿನವರಾಗಬಹುದು ಅಂತ ವಾದಿಸುವವನು, ತಾನು ಮಾತ್ರ ಇಪ್ಪತ್ತು ವರ್ಷವಾದರೂ ಇನ್ನೊಂದು ಊರಿನಲ್ಲಿ ಅತಿಥಿ ಅಂದುಕೊಂಡಿದ್ದರೆ ಆ ಲೆಕ್ಕ ಟ್ಯಾಲಿ ಆಗುವುದಿಲ್ಲ.

ನಿವೃತ್ತಿಯಾದ ಮೇಲೆ ಓದುತ್ತ ಇನ್ನೊಂದು ವಿಷಯ ಸಿಕ್ಕಿತು. ಭಾಸ್ಕರನ ‘ಬೀಜಗಣಿತ’ಕ್ಕೆ ‘ಬೀಜಪಲ್ಲವ’ ಎಂಬ ದೊಡ್ಡ ವ್ಯಾಖ್ಯಾನ ಬರೆದ ಕೃಷ್ಣ ದೈವಜ್ಞ ಜಹಾಂಗೀರನ ಕಾಲದವನು, ಕಾಶಿಯಲ್ಲಿದ್ದವನು. ಅವನ ವಂಶದ ಊರು ವಿದರ್ಭದ ಪಯೋಷ್ಣೀ ನದಿಯ ದಂಡೆಯ ದಧಿಗ್ರಾಮ. ತಂದೆ ಬಲ್ಲಾಳ ಊರು ಬಿಟ್ಟು ಕಾಶಿಗೆ ಹೋದದ್ದು. ಭಾವುಗೆ ಫೋನ್ ಮಾಡಿ, “ಭಾಸ್ಕರನನ್ನು ಬಿಡಿಸಿ ಹೇಳಿದವರಲ್ಲಿ ನಿಮ್ಮ ವಿದರ್ಭದವರೂ ಒಬ್ಬರಿದ್ದಾರೆ, ಆದರೆ ಬರೆದದ್ದು ಕಾಶಿಯಲ್ಲಿ ಕೂತು” ಅಂದೆ. ಆ ಕಡೆಯಿಂದ ಒಂದು ಕ್ಷಣ ಸದ್ದಿಲ್ಲ. ಆಮೇಲೆ, “ಎಲ್ಲರೂ ವರ್ಗವಾಗಿ ಹೋದವರೇ ಬಿಡಿ ಸಾಹೇಬ್” ಅಂದರು.

ಮೈಸೂರಿನಲ್ಲಿ ಕೊಂಡಿದ್ದ ಸೈಟನ್ನು ಮಾರಿದೆ. ಮಗಳು ಅಳಿಯ ಇಲ್ಲೇ ಇದ್ದಾರೆ, ಅಳಿಯ ಮರಾಠಿಯವರು. ಕಳೆದ ಬೇಸಿಗೆ ರಜದಲ್ಲಿ, ಹೊರಗೆ ಕಾಲಿಡಲಾಗದ ಬಿಸಿಲಿನಲ್ಲಿ, ಮೊಮ್ಮಗಳಿಗೆ ಅರವತ್ತೊಂದರ ಲೆಕ್ಕ ಕೊಟ್ಟೆ. ಉತ್ತರ ನಾನೇ ಹೇಳಿದ್ದೇನೆ, ಸರಿಯೋ ತಪ್ಪೋ ನೀನು ಗುಣಿಸಿ ನೋಡು, ಮೊಬೈಲು ಮುಟ್ಟುವ ಹಾಗಿಲ್ಲ ಅಂದೆ. 22,61,53,980ನ್ನು ಅದರಿಂದಲೇ ಗುಣಿಸಿ, 61ರಿಂದ ಗುಣಿಸಿ, ಒಂದು ಸೇರಿಸಿ, ಆ ಕಡೆ 1,76,63,19,049ರ ವರ್ಗ ಬೇರೆ. ನೋಟ್ ಪುಸ್ತಕದ ಐದು ಪುಟ ತುಂಬಿತು. ನನ್ನನ್ನು ಕರೆಯುವುದು ತಾತ ಅಂತ, ಕನ್ನಡದಲ್ಲಿ. ಗುಣಿಸುವಾಗ ಬಾಯಲ್ಲಿ ಗುನುಗುವುದು ಮರಾಠಿ ಮಗ್ಗಿ. ಎರಡು ಸಲ ತಪ್ಪಾಯಿತು. ಮೂರನೇ ಸಲ ಎರಡೂ ಕಡೆಯ ಸಾಲನ್ನು ಒಂದರ ಕೆಳಗೆ ಒಂದು ಬರೆದು, ಒಂದೊಂದೇ ಅಂಕಿಗೆ ಪೆನ್ಸಿಲಿನಲ್ಲಿ ಟಿಕ್ ಹಾಕುತ್ತ ಬಲದಿಂದ ಎಡಕ್ಕೆ ಹೋದಳು.

“ತಾತ, ಬರೋಬರ್ ಆಲಂ” ಅಂದಳು. ಸರಿಯಾಗಿ ಬಂತು ಅಂತ.