ಬಚ್ಚಲ ನೀರು ಎಲ್ಲಿಗೆ ಹೋಗುತ್ತೆ?

2023ರಲ್ಲಿ ನಮ್ಮ ಮನೆ ಕಟ್ಟುವ ಕೆಲಸ ಮುಗಿಯುತ್ತಾ ಬಂದಿತ್ತು. ಬೆಂಗಳೂರಿನವರಿಗೆಲ್ಲ ಗೊತ್ತಿರುವ ಅದೇ ಮೂವತ್ತು-ನಲವತ್ತು ಸೈಟು. ಮುಂದೆ ಕಾರಿಗೆ ಜಾಗ, ಹಿಂದೆ ಗೋಡೆಗೂ ಕಾಂಪೌಂಡಿಗೂ ನಡುವೆ ಐದಡಿ. ಐದು ಇಂಟು ಮೂವತ್ತು, ಒಟ್ಟು 150 ಚದರಡಿ. "ಇಲ್ಲೂ ಟೈಲ್ಸ್ ಹಾಕಿಬಿಡೋಣ ಸಾರ್, ಕ್ಲೀನಾಗಿರುತ್ತೆ" ಅಂದರು ಮೇಸ್ತ್ರಿ. ಅಪ್ಪ ತಲೆಯಾಡಿಸಿದರು. ನಾನು ಮಾತ್ರ "ಬೇಡ, ತೋಟ ಮಾಡ್ತೀನಿ" ಅಂದುಬಿಟ್ಟೆ.

ಅಂದದ್ದೇನೋ ಅಂದೆ. ಸಾಫ್ಟ್‌ವೇರಿನವರ ಬುದ್ಧಿ ನೋಡಿ, ಅವತ್ತು ರಾತ್ರಿಯೇ ಎಕ್ಸೆಲ್ ಶೀಟ್ ತೆರೆದು ಒಂದೊಂದು ಚೌಕಕ್ಕೂ ಬಣ್ಣ ತುಂಬಿದೆ. ಟೊಮೆಟೊಗೆ ಕೆಂಪು, ಸೌತೆಗೆ ಹಸಿರು, ಬದನೆಗೆ ನೇರಳೆ. ಬೆಳಿಗ್ಗೆ ಅಜ್ಜಿಗೆ ತೋರಿಸಿದೆ. ಎಂಬತ್ತು ದಾಟಿದ ಅಜ್ಜಿ ಕನ್ನಡಕ ಏರಿಸಿಕೊಂಡು ಸ್ವಲ್ಪ ಹೊತ್ತು ನೋಡಿ ಕೇಳಿದ್ದು ಒಂದೇ ಪ್ರಶ್ನೆ.

"ಬಚ್ಚಲ ನೀರು ಎಲ್ಲಿಗೆ ಹೋಗುತ್ತೋ?"

ತೋಟಕ್ಕೂ ಬಚ್ಚಲಿಗೂ ಏನು ಸಂಬಂಧ ಅಂತ ನಾನು ನಕ್ಕೆ. ಆ ಪ್ರಶ್ನೆ ಅರ್ಥವಾಗಲು ನನಗೆ ಒಂದು ವರ್ಷ ಬೇಕಾಯಿತು, ಜೊತೆಗೆ ನಮ್ಮ ಊರಿನ ನೂರಿಪ್ಪತ್ತೈದು ವರ್ಷದ ಕಥೆಯನ್ನೂ ಓದಬೇಕಾಯಿತು. ಆ ಕಥೆಯೇ ಈ ಬರಹ.

ಅಜ್ಜಿ ಮದುವೆಯಾಗಿ ಮಲ್ಲೇಶ್ವರಕ್ಕೆ ಬಂದದ್ದು 1964ರಲ್ಲಿ, ಒಂದು ಬಾಡಿಗೆ ಮನೆಗೆ. ಮಲ್ಲೇಶ್ವರ, ಬಸವನಗುಡಿ ಎರಡೂ ಬೆಂಗಳೂರಿನ ಹಳೆಯ ಯೋಜಿತ ಬಡಾವಣೆಗಳು. 1898ರ ಆಗಸ್ಟಿನಲ್ಲಿ ಊರಿಗೆ ಪ್ಲೇಗ್ ಬಂತು. ಪೇಟೆಯ ಇಕ್ಕಟ್ಟಾದ ಬೀದಿಗಳಲ್ಲಿ ಜನ ಸಾಯತೊಡಗಿದಾಗ, ಗಾಳಿ ಬೆಳಕು ಇರುವ ಕಡೆ ಮನೆ ಕಟ್ಟಬೇಕು ಅನ್ನುವ ಮಾತಿಗೆ ಒಮ್ಮೆಲೇ ತೂಕ ಬಂತು. ಹಾಗಾಗಿ ಈ ಬಡಾವಣೆಗಳಲ್ಲಿ ನೇರ ರಸ್ತೆಗಳು, ಅಡ್ಡರಸ್ತೆಗಳು, ಮನೆಯ ಸುತ್ತ ಖಾಲಿ ಜಾಗ. ಅಂದರೆ ಹಿತ್ತಲಿಗೆ ಜಾಗ ಸಿಕ್ಕಿದ್ದು ಸೊಪ್ಪು ಬೆಳೆಯಲಿ ಅಂತ ಅಲ್ಲ, ಜನ ಬದುಕಿಕೊಳ್ಳಲಿ ಅಂತ!

ಆದರೆ ಖಾಲಿ ಜಾಗ ಸಿಕ್ಕ ಮೇಲೆ ನಮ್ಮವರು ಅದನ್ನು ಖಾಲಿ ಬಿಡುತ್ತಾರೆಯೇ? ಅಜ್ಜಿ ಹೇಳುವ ಆ ಹಿತ್ತಲನ್ನು ನಾನು ಕಾಗದದ ಮೇಲೆ ಬರೆದುಕೊಂಡೆ. ಬಚ್ಚಲ ಮೋರಿ ಹೋಗಿ ಸೇರುವ ಕಡೆ ಬಾಳೆ, ಅದರ ಪಕ್ಕ ಕೆಸು. ಅಲ್ಲೇ ತೇವದಲ್ಲಿ ಒಂದೆಲಗ. ಬಾವಿಯ ಹತ್ತಿರ ಬಟ್ಟೆ ಒಗೆಯುವ ಕಲ್ಲು, ಆ ನೀರು ಹರಿದು ತೆಂಗಿನ ಬುಡಕ್ಕೆ. ಅಡುಗೆಮನೆ ಬಾಗಿಲಿಗೆ ಕೈಯಳತೆಯಲ್ಲಿ ಕರಿಬೇವು, ದೊಡ್ಡಪತ್ರೆ. ಕಾಂಪೌಂಡಿಗೆ ಒತ್ತಿಕೊಂಡು ನುಗ್ಗೆ, ದಾಸವಾಳ, ಪಾರಿಜಾತ. ನಡುವೆ ಒಂದು ಚಪ್ಪರ, ಅದರ ಮೇಲೆ ಅವರೆ, ಸೀಮೆಬದನೆ.

ಬರೆದಾದ ಮೇಲೆ ಬಾಣದ ಗುರುತು ಹಾಕುತ್ತಾ ಹೋದೆ. ತೆಂಗಿನ ಒಣಗರಿ ಬಚ್ಚಲ ಒಲೆಗೆ. ಒಲೆಯ ಬೂದಿ ಪಾತ್ರೆ ಉಜ್ಜಲು, ಮಿಕ್ಕಿದ್ದು ಹುಳ ಬಿದ್ದ ಗಿಡಕ್ಕೆ. ಹಂಡೆಯ ಬಿಸಿನೀರು ಸ್ನಾನಕ್ಕೆ, ಸ್ನಾನದ ನೀರು ಬಾಳೆಗೆ. ಬಾಳೆಲೆ ಊಟಕ್ಕೆ, ಉಂಡ ಎಲೆ ಗೊಬ್ಬರದ ಗುಂಡಿಗೆ ಅಥವಾ ಬೀದಿಯ ಹಸುವಿಗೆ. ಅಕ್ಕಿ ತೊಳೆದ ನೀರು ಕರಿಬೇವಿಗೆ. ಒಂದರ ಔಟ್‌ಪುಟ್ ಇನ್ನೊಂದರ ಇನ್‌ಪುಟ್. ಇಡೀ ಚಿತ್ರದಲ್ಲಿ ಎಲ್ಲಿಗೂ ಹೋಗದೆ ನಿಂತ ಬಾಣ ಒಂದೂ ಇರಲಿಲ್ಲ. ಇಷ್ಟು ಅಚ್ಚುಕಟ್ಟಾದ ಡಿಸೈನ್ ನನ್ನ ಆಫೀಸಿನಲ್ಲೂ ನಾನು ನೋಡಿಲ್ಲ :-)

ಚಪ್ಪರದ ಮೇಲಿನ ಸೀಮೆಬದನೆಯದ್ದೇ ಒಂದು ಕಥೆ. 'ಸೀಮೆ' ಅಂದ ಮೇಲೆ ಹೊರಗಿನಿಂದ ಬಂದದ್ದು ತಾನೆ? ಮೂಲತಃ ಮೆಕ್ಸಿಕೊ ಕಡೆಯ ಬಳ್ಳಿ ಅದು. ಅದನ್ನು ಇಲ್ಲಿಗೆ ಪರಿಚಯಿಸಿದ ಹೆಸರು ಜಾನ್ ಕ್ಯಾಮರೂನ್ ಅವರದ್ದು. 1874ರಿಂದ 1908ರವರೆಗೆ ಲಾಲ್‌ಬಾಗಿನ ಮೇಲ್ವಿಚಾರಕರಾಗಿದ್ದವರು, ಗಾಜಿನ ಮನೆ ಎದ್ದದ್ದೂ ಅವರ ಕಾಲದಲ್ಲೇ. ನಾವು ಇವತ್ತು ಲಾಲ್‌ಬಾಗ್ ಅಂದರೆ ಫ್ಲವರ್ ಶೋ ಅಂದುಕೊಳ್ಳುತ್ತೇವೆ. ಆದರೆ ಆ ಕಾಲದ ಲಾಲ್‌ಬಾಗಿಗೆ ಯಾವ ಬೆಳೆ ಈ ನೆಲಕ್ಕೆ ಒಗ್ಗುತ್ತದೆ ಎಂದು ಬೆಳೆದು ನೋಡುವುದು ದೊಡ್ಡ ಕೆಲಸವಾಗಿತ್ತು. ಅಲ್ಲಿಂದ ಹಿತ್ತಲುಗಳಿಗೆ ಹಬ್ಬಿದ ಸೀಮೆಬದನೆ ಈ ಊರಿಗೆ ಎಷ್ಟು ಒಗ್ಗಿತೆಂದರೆ, ತಮಿಳರು ಅದನ್ನು 'ಬೆಂಗಳೂರು ಕತ್ತರಿಕಾಯಿ' ಅಂದರು, ತೆಲುಗರು 'ಬೆಂಗಳೂರು ವಂಕಾಯ' ಅಂದರು. 1908ರಲ್ಲಿ ಕ್ಯಾಮರೂನ್ ನಂತರ ಬಂದ ಕೃಂಬಿಗಲ್ ಅವರನ್ನು ಒಂದಾದ ಮೇಲೊಂದು ಹೂಬಿಡುವ ಸಾಲುಮರಗಳಿಗಾಗಿ ಎಲ್ಲರೂ ನೆನೆಯುತ್ತಾರೆ, ನೆನೆಯಲೇಬೇಕು. ಆದರೆ ಸೀಮೆಬದನೆ ಪಲ್ಯ ತಿನ್ನುವಾಗ ಕ್ಯಾಮರೂನರನ್ನು ನೆನೆಯುವವರು ಯಾರು?

ಇಲ್ಲಿಗೆ ನಿಲ್ಲಿಸಿದರೆ ಇದು 'ಆ ಕಾಲವೇ ಚೆನ್ನಾಗಿತ್ತು' ಅನ್ನುವ ಬರಹ ಆಗಿಬಿಡುತ್ತದೆ. ಆದರೆ ಚಿತ್ರದಲ್ಲಿ ನಾನು ಬಿಟ್ಟ ಒಂದು ಬಾಣ ಇದೆ. ಮಲ್ಲೇಶ್ವರ, ಬಸವನಗುಡಿಗಳಲ್ಲಿ ಮನೆಗಳ ಬೆನ್ನಿಗೆ ಕಿರಿದಾದ ಕನ್ಸರ್ವೆನ್ಸಿ ಓಣಿಗಳಿದ್ದವು, ಕೆಲವು ಈಗಲೂ ಇವೆ. ಹಿತ್ತಲ ಕೊನೆಯ ಪಾಯಿಖಾನೆಯಿಂದ ಮಲ ಎತ್ತಿಕೊಂಡು ಹೋಗುವವರು ಬರಲಿ ಅಂತಲೇ ಮಾಡಿದ ದಾರಿ ಅದು. ಮುಂಬಾಗಿಲಿಗೆ ಅವರು ಬರುವಂತಿರಲಿಲ್ಲ. ತಲೆಯ ಮೇಲೆ ಮಲ ಹೊರುವ ಪದ್ಧತಿಗೆ ಕರ್ನಾಟಕದಲ್ಲಿ ನಿಷೇಧ ಬಂದದ್ದು 1970ರ ದಶಕದಲ್ಲಿ, ದೇವರಾಜ ಅರಸು ಸರ್ಕಾರದಲ್ಲಿ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರಿಂದ. ಅಜ್ಜಿ ಬಾಳೆಯ ಬಗ್ಗೆ ಗಂಟೆಗಟ್ಟಲೆ ಮಾತಾಡುತ್ತಾರೆ. ಆ ಓಣಿಯ ಬಗ್ಗೆ ಕೇಳಿದಾಗ ಸುಮ್ಮನಾದರು. ಆಮೇಲೆ "ಅವರ ಹೆಸರೂ ನಾವು ಕೇಳಿರಲಿಲ್ಲ ಕಣೋ" ಅಂದರು.

ಸರಿ, ಆ ಹಿತ್ತಲು ಹೋಯಿತು ಎಲ್ಲಿಗೆ? ಜಾಗ ಕಮ್ಮಿಯಾಯಿತು, ಹಾಗಾಗಿ ಹೋಯಿತು ಅಂತ ನಾನೂ ಅಂದುಕೊಂಡಿದ್ದೆ. ಆದರೆ ಜಾಗ ಹೋಗುವುದಕ್ಕೆ ಮೊದಲೇ ಅದರ ಕೆಲಸಗಳು ಒಂದೊಂದಾಗಿ ಹೋಗಿದ್ದವು. 1896ರಲ್ಲಿ ಹೆಸರಘಟ್ಟದ ನೀರು, 1933ರಲ್ಲಿ ತಿಪ್ಪಗೊಂಡನಹಳ್ಳಿ, 1974ರಲ್ಲಿ ಕಾವೇರಿ. ನಲ್ಲಿಯಲ್ಲಿ ನೀರು ಬಂದ ಮೇಲೆ ಬಾವಿ ಯಾರಿಗೆ ಬೇಕು? ಒಳಚರಂಡಿ ಬಂತು, ಬಚ್ಚಲ ನೀರು ಅದಕ್ಕೆ ಸೇರಿತು, ಬಾಳೆ ಒಣಗಿತು. ಗೀಸರ್ ಬಂತು, ತೆಂಗಿನ ಗರಿ ಕಸವಾಯಿತು. ಇವು ಬಂದದ್ದು ಒಳ್ಳೆಯದಕ್ಕೇ. ಬಾವಿ ಸೇದಿ ಸೇದಿ ಅಜ್ಜಿಯ ಹೆಗಲು ಇವತ್ತಿಗೂ ನೋಯುತ್ತದೆ. ಆದರೆ ಒಂದೊಂದು ಬಾಣ ಅಳಿಸಿದ ಹಾಗೂ ಹಿತ್ತಲಿಗೆ ಮಾಡಲು ಕೆಲಸವೇ ಇಲ್ಲದಂತಾಯಿತು.

ಊರಿಗೂ ಇದೇ ಆಯಿತು. ತಿಗಳ ಸಮುದಾಯದವರು ಸಂಪಂಗಿ ಕೆರೆಯ ಸುತ್ತ ಸೊಪ್ಪು, ತರಕಾರಿ, ಹೂವು ಬೆಳೆಯುತ್ತಿದ್ದರು. ಅದು ಇಡೀ ಊರಿನ ಹಿತ್ತಲು. ನಲ್ಲಿ ನೀರು ಬಂದ ಮೇಲೆ ಕೆರೆಯೂ ಬೇಡವಾಯಿತು. ಆ ಜಾಗದಲ್ಲಿ ಈಗ ಕಂಠೀರವ ಕ್ರೀಡಾಂಗಣ ಇದೆ. 1945ರಲ್ಲಿ ಸಿಐಟಿಬಿ, 1976ರಲ್ಲಿ ಬಿಡಿಎ ಬಂದು ಸಾವಿರಗಟ್ಟಲೆ ಸೈಟು ಹಂಚಿದವು. ಮೂವತ್ತು-ನಲವತ್ತು ಅನ್ನುವುದು ನಮ್ಮಂಥ ಮಧ್ಯಮ ವರ್ಗದ ಕನಸಿನ ಅಳತೆಯಾಯಿತು. ಅಷ್ಟರಲ್ಲಿ ತೋಟ ಅಂದರೆ ಗೇಟಿನ ಬಳಿ ನಾಲ್ಕು ಕ್ರೋಟನ್ ಕುಂಡ, ಅಷ್ಟೆ. ಕೆಲಸವಿಲ್ಲದ ಜಾಗಕ್ಕೆ ಟೈಲ್ಸ್ ಹಾಕೋಣ ಅಂದ ಮೇಸ್ತ್ರಿಯದ್ದೇನು ತಪ್ಪು?

ನನ್ನ ಎಕ್ಸೆಲ್ ತೋಟಕ್ಕೆ ಏನಾಯಿತು ಅಂತ ಹೇಳಲೇಬೇಕು. ಸತ್ತುಹೋಯಿತು! ನಮ್ಮ ಹಿತ್ತಲು ಮನೆಯ ಉತ್ತರಕ್ಕಿದೆ. ಬೆಂಗಳೂರಿನಲ್ಲಿ ಸೂರ್ಯ ನಡುನೆತ್ತಿಯಿಂದ ಉತ್ತರಕ್ಕೆ ಇರುವುದು ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ಮಾತ್ರ. ಚಳಿಗಾಲವಿಡೀ ಎರಡಂತಸ್ತಿನ ನೆರಳು. ಟೊಮೆಟೊ ಬಿಸಿಲು ಹುಡುಕಿಕೊಂಡು ಸೊರಗಿ ಉದ್ದವಾಗಿ ಬಿದ್ದುಕೊಂಡಿತು. ಅದರ ಮೇಲೆ 2024ರ ಬೇಸಿಗೆ. ಆ ಮಾರ್ಚಿನಲ್ಲಿ ಜಲಮಂಡಳಿ ಕುಡಿಯುವ ನೀರನ್ನು ಗಿಡಕ್ಕೆ ಹಾಕಬಾರದು, ಹಾಕಿದರೆ 5,000 ರೂಪಾಯಿ ದಂಡ ಅಂದಿತು. ನಮ್ಮ ಬೀದಿಯಲ್ಲಿ ಟ್ಯಾಂಕರಿಗೆ ಜನ ಕಾಯುತ್ತಿದ್ದರು. "ನೋಡು, ಟೈಲ್ಸ್ ಹಾಕಿದ್ದರೆ ಚೆನ್ನಾಗಿತ್ತು" ಅಂದರು ಅಪ್ಪ. ನನ್ನ ಹತ್ತಿರ ಉತ್ತರ ಇರಲಿಲ್ಲ. ಸ್ನಾನ ಮಾಡುವಾಗ ಕಾಲ ಬಳಿ ನೀರು ಸುಳಿದು ಜಾಲರಿಯೊಳಗೆ ಇಳಿಯುವುದು ಕಂಡಿತು. ಆಗ ನೆನಪಾಯಿತು, ಅಜ್ಜಿಯ ಪ್ರಶ್ನೆ.

ಆಮೇಲೆ ಮಾಡಿದ್ದನ್ನು ಚುಟುಕಾಗಿ ಹೇಳುತ್ತೇನೆ. ಪ್ಲಂಬರನ್ನು ಕರೆಸಿ ಕೆಳಗಿನ ಬಚ್ಚಲ ಪೈಪಿಗೆ ಒಂದು ಟೀ ಜಾಯಿಂಟು, ಒಂದು ವಾಲ್ವು ಹಾಕಿಸಿದೆ. ಸೋಪು, ಶಾಂಪೂ ಕಮ್ಮಿ ಇರುವ ನೀರು ಹಿತ್ತಲಿಗೆ, ಉಳಿದದ್ದು ಚರಂಡಿಗೆ. ವಾಷಿಂಗ್ ಮಷಿನ್ ನೀರು ಬೇಡ, ಡಿಟರ್ಜೆಂಟಿನ ಉಪ್ಪು ಮಣ್ಣನ್ನು ಕೆಡಿಸುತ್ತದೆ. ನೀರು ಇಳಿಯುವ ಕಡೆ ಎರಡು ಬಾಳೆ. ನೆರಳಲ್ಲಿ ಕೆಸು, ಶುಂಠಿ, ಅರಿಸಿನ, ದೊಡ್ಡಪತ್ರೆ. ಬಿಸಿಲು ಬೇಕಾದ ಮೆಣಸಿನಕಾಯಿ, ಟೊಮೆಟೊ ಕುಂಡಗಳಲ್ಲಿ ತಾರಸಿಗೆ ಹೋದವು. ಮೂಲೆಯಲ್ಲಿ ಒಂದು ಸೀಮೆಬದನೆ. ಅದಕ್ಕೆ ಬೀಜ ಹುಡುಕಬೇಕಿಲ್ಲ, ಮೊಳಕೆ ಬಂದ ಇಡೀ ಕಾಯನ್ನೇ ನೆಡುವುದು. ಹಗ್ಗ ಕಟ್ಟಿದೆ, ಬಳ್ಳಿ ನೆರಳಿಂದ ಹತ್ತಿ ತಾನೇ ತಾರಸಿಯ ಬಿಸಿಲು ಹುಡುಕಿಕೊಂಡಿತು.

ಇನ್ನು ಮಳೆ. 2009ರ ಕಾನೂನಿನ ಪ್ರಕಾರ ನಮ್ಮಷ್ಟು ಸೈಟಿನ ಹೊಸ ಮನೆಗೂ ಮಳೆಕೊಯ್ಲು ಕಡ್ಡಾಯ. ಲೆಕ್ಕ ಹಾಕಿದೆ. ಈ ಊರಿನ ವಾರ್ಷಿಕ ಮಳೆ ಸುಮಾರು 970 ಮಿಲಿಮೀಟರ್, ಅಂದರೆ 1,200 ಚದರಡಿಯ ಮೇಲೆ ವರ್ಷಕ್ಕೆ ಒಂದು ಲಕ್ಷ ಲೀಟರಿಗೂ ಹೆಚ್ಚು. ನಮ್ಮಲ್ಲಿ ಪೈಪೇನೋ ಇತ್ತು, ಅದರ ಇನ್ನೊಂದು ತುದಿ ಬೀದಿಯ ಮೋರಿಯಲ್ಲಿತ್ತು! ಈಗ ಅದು ಹಿತ್ತಲ ಇಂಗುಗುಂಡಿಗೆ ಇಳಿಯುತ್ತದೆ.

150 ಚದರಡಿಯಲ್ಲಿ ಮನೆಗೆ ಬೇಕಾದ ತರಕಾರಿಯೆಲ್ಲ ಬರುತ್ತೆ ಅಂತ ಬುರುಡೆ ಬಿಡುವುದಿಲ್ಲ. ವಾರಕ್ಕೊಮ್ಮೆ ಮಾರ್ಕೆಟ್ಟಿಗೆ ಹೋಗುತ್ತೇನೆ. ಆದರೆ ಕರಿಬೇವು ಕೊಂಡು ವರ್ಷವಾಯಿತು, ಅಡುಗೆಮನೆಯ ಸಿಪ್ಪೆ ಕಾಂಪೌಂಡಿನಾಚೆ ಹೋಗುವುದಿಲ್ಲ. ಕಳೆದ ಗೌರಿ ಹಬ್ಬಕ್ಕೆ ನಮ್ಮದೇ ಬಾಳೆಲೆ ಕೊಯ್ದೆವು. ಐದೇ ಎಲೆ. ಒಂದರಲ್ಲಿ ಅಪ್ಪ ಊಟ ಮಾಡಿದರು, ಟೈಲ್ಸಿನ ಮಾತು ಎತ್ತಲಿಲ್ಲ.

ಹಿತ್ತಲ ಗಿಡ ಮದ್ದಲ್ಲ ಅನ್ನುವ ಗಾದೆ ಹುಟ್ಟಿದ ಕಾಲದಲ್ಲಿ ಎಲ್ಲರಿಗೂ ಹಿತ್ತಲಿತ್ತು. ನಿಮ್ಮ ಮನೆಯ ಹಿರಿಯರನ್ನೂ ಒಮ್ಮೆ ಕೇಳಿ ನೋಡಿ, ಅವರ ಹಿತ್ತಲಲ್ಲಿ ಏನಿತ್ತು, ಬಚ್ಚಲ ನೀರು ಎಲ್ಲಿಗೆ ಹೋಗುತ್ತಿತ್ತು ಅಂತ. ಕೇಳಿದ್ದನ್ನು ಬರೆಯಿರಿ, ಓದಲು ಕಾಯುತ್ತಿರುತ್ತೇನೆ. ಹಿತ್ತಲ ಹಿಂದಿನ ಓಣಿಯಲ್ಲಿ ಯಾರು ಬರುತ್ತಿದ್ದರು ಅಂತಲೂ ಕೇಳಲು ಮರೆಯಬೇಡಿ.